‘ಬೇಜಾರು ಸರ್’ ಅಂದರೆ ಯಾವ ಬೇಜಾರು? ಹೈಸ್ಕೂಲು ಮಕ್ಕಳಿಗೆ ಭಾವನೆ ನಿಭಾಯಿಸಲು ಕಲಿಸುವ ಬಗೆ

ಒಂಬತ್ತನೇ ತರಗತಿಯ ಹುಡುಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಏನಾಯ್ತೋ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಏನಿಲ್ಲ ಸರ್, ಬೇಜಾರು.’ ಆ ಒಂದು ಮಾತಿನೊಳಗೆ ಪಾಠ ತಲೆಗೆ ಹತ್ತದ ಬೇಸರ ಇರಬಹುದು. ಗೆಳೆಯರು ಗುಂಪಿನಿಂದ ಹೊರಗಿಟ್ಟ ನೋವಿರಬಹುದು. ರಾತ್ರಿ ಮನೆಯಲ್ಲಿ ನಡೆದ ಜಗಳದ ದಿಗಿಲಿರಬಹುದು. ಮೂರಕ್ಕೂ ಮದ್ದು ಬೇರೆ. ಯಾವ ಬೇಜಾರು ಎಂದು ಹುಡುಗನಿಗೇ ಗೊತ್ತಿಲ್ಲದಿದ್ದರೆ ಮದ್ದು ಹುಡುಕುವುದು ಹೇಗೆ?

ಭಾವನೆ ನಿಭಾಯಿಸುವುದು ಸೈಕಲ್ ಕಲಿತಂತೆ. ಉಪದೇಶದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಅದನ್ನು ಕಲಿಸಬೇಕಾದದ್ದು ಮನಸ್ಸು ಶಾಂತವಾಗಿರುವಾಗ. ಸಿಟ್ಟು ನೆತ್ತಿಗೇರಿದ ಹುಡುಗನಿಗೆ ಉಸಿರಾಟ ಹೇಳಿಕೊಡುವುದು ಹೊಳೆಗೆ ಬಿದ್ದವನಿಗೆ ಈಜು ಹೇಳಿಕೊಟ್ಟ ಹಾಗೆ. ಕರ್ನಾಟಕದ ಸಾಮಾನ್ಯ ಪ್ರೌಢಶಾಲೆಯಲ್ಲಿ, 8 ಮತ್ತು 9ನೇ ತರಗತಿಗೆ, ವಾರಕ್ಕೊಂದು 40 ನಿಮಿಷದ ಪೀರಿಯಡ್‌ನಂತೆ ಹತ್ತು ವಾರ ನಡೆಸಬಹುದಾದ ಕ್ರಮ ಇಲ್ಲಿದೆ.

ಶುರು ಮಾಡುವ ಮುನ್ನ

ಶಾಲೆ ತೆರೆದು ಎರಡು ಮೂರು ವಾರ ಕಳೆದ ಮೇಲೆ, ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ಆರಂಭಿಸಿ. ಜನವರಿಗೆ ಇಟ್ಟುಕೊಂಡರೆ ಪೂರ್ವಸಿದ್ಧತಾ ಪರೀಕ್ಷೆಗಳ ಒತ್ತಡದಲ್ಲಿ ಮೊದಲು ಬಲಿಯಾಗುವುದು ಇದೇ ಪೀರಿಯಡ್. ಹತ್ತನೆಯವರಿಗೆ ಹೊಸದಾಗಿ ಕಲಿಸಲು ಹೋಗಬೇಡಿ. ಒಂಬತ್ತರಲ್ಲಿ ಕಲಿತದ್ದನ್ನು ಅಲ್ಲಿ ನೆನಪಿಸಿದರೆ ಸಾಕು.

ನಡೆಸುವವರು ಇಬ್ಬರಿರಲಿ, ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವೂ ಪ್ರತಿ ಶಾಲೆಯಿಂದ ಹೀಗೆಯೇ ಇಬ್ಬರನ್ನು ಕೇಳುತ್ತದೆ, ಅವರೇ ಆದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಬೆತ್ತ ಹಿಡಿದೇ ತಿರುಗುವವರಿಗೆ ಈ ಕೆಲಸ ಕೊಡಬಾರದು. ಅವರು ಕೆಟ್ಟವರೆಂದಲ್ಲ, ಮಕ್ಕಳು ಅವರೆದುರು ಬಾಯಿ ಬಿಡುವುದಿಲ್ಲ.

ಮುಖ್ಯಶಿಕ್ಷಕರಿಂದ ಮೊದಲೇ ಒಂದು ಮಾತು ಖಚಿತಪಡಿಸಿಕೊಳ್ಳಿ: ಆ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವಂತಿಲ್ಲ, ನಡೆಸುವವರಿಗೆ ಬೇರೆ ಹೊರೆ ಸ್ವಲ್ಪ ಇಳಿಯಬೇಕು. ಬಿಹಾರದ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇದೇ ಕೆಲಸಕ್ಕೆಂದು ತರಬೇತಿ ಪಡೆದು ಬಂದ ಸ್ಥಳೀಯ ಕಾರ್ಯಕರ್ತರು ನಡೆಸಿದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಕಿರುಕುಳ ತಗ್ಗಿತು, ಖಿನ್ನತೆಯ ಲಕ್ಷಣಗಳೂ ಇಳಿದವು. ಅದೇ ಕಾರ್ಯಕ್ರಮವನ್ನು ಶಾಲೆಯ ಶಿಕ್ಷಕರಿಗೇ ವಹಿಸಿದ ಕಡೆ ಆ ಫಲ ಕಾಣಲಿಲ್ಲ. ಶಿಕ್ಷಕರಿಂದ ಆಗದ ಕೆಲಸ ಎಂದು ಇದನ್ನು ಓದಬೇಕಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲದರ ಮೇಲೆ ಇದನ್ನೂ ಹೇರಿದರೆ ಹೆಸರಿಗಷ್ಟೇ ನಡೆಯುತ್ತದೆ.

ಪೋಷಕರ ಸಭೆಯಲ್ಲಿ ಹತ್ತು ನಿಮಿಷ ತೆಗೆದುಕೊಂಡು ಸರಳವಾಗಿ ಹೇಳಿ: ‘ಸಿಟ್ಟು, ಹೆದರಿಕೆ ಬಂದಾಗ ಏನು ಮಾಡಬೇಕು ಅಂತ ಕಲಿಸ್ತೀವಿ. ಮನೆ ವಿಷಯ ಕೆದಕುವುದಿಲ್ಲ.’ ‘ಮಾನಸಿಕ’ ಎಂಬ ಪದ ಕೇಳಿದೊಡನೆ ‘ನಮ್ಮ ಮಗೂಗೇನು ಹುಚ್ಚಾ?’ ಎಂದು ಕೇಳುವವರು ಇನ್ನೂ ಇದ್ದಾರೆ. ಅವರನ್ನು ತಿದ್ದಲು ಹೊರಡುವ ಬದಲು ಪದವನ್ನೇ ಬದಲಿಸಿ.

ಬೇಕಾಗುವ ಸಾಮಾನು ಕಡಿಮೆ: ಬಿಳಿ ಚಾರ್ಟ್ ನಾಲ್ಕು, ಮಾರ್ಕರ್ ಎರಡು, ಪ್ರತಿ ಮಗುವಿಗೂ 40 ಪುಟದ ನೋಟುಬುಕ್ ಒಂದು, ಬೀಗವಿರುವ ಪ್ರಶ್ನೆಪೆಟ್ಟಿಗೆ ಒಂದು. ಕೀಲಿ ನಡೆಸುವವರ ಬಳಿ ಮಾತ್ರ ಇರಲಿ. ಪೆಟ್ಟಿಗೆಯನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ಇಟ್ಟರೆ ಖಾಲಿ ಉಳಿಯುತ್ತದೆ. ಗ್ರಂಥಾಲಯದ ಮೂಲೆಯೋ ನೀರಿನ ನಲ್ಲಿಗೆ ಹೋಗುವ ದಾರಿಯೋ ವಾಸಿ. ದಿನವೂ ತೆಗೆದು ನೋಡಿ. ಸೋಮವಾರ ಹಾಕಿದ ಚೀಟಿಯನ್ನು ಶನಿವಾರ ಓದುವುದಾದರೆ ಪೆಟ್ಟಿಗೆ ಇಡದಿರುವುದೇ ಮೇಲು.

ಪೀರಿಯಡ್ಡಿನ ಲೆಕ್ಕ

ಹೋದ ವಾರದ ಅಭ್ಯಾಸ ಎಲ್ಲಿ ಬಳಸಿದಿರಿ ಎಂದು ಕೇಳಲು 5 ನಿಮಿಷ, ಹೊಸದನ್ನು ಮಾಡಿ ತೋರಿಸಲು 10, ಮಕ್ಕಳೇ ಮಾಡಲು 15, ಮಾತುಕತೆಗೆ 5, ಮನೆಯ ಅಭ್ಯಾಸ ಹೇಳಲು 5. ಅರವತ್ತು ಮಕ್ಕಳಿದ್ದರೆ ಐದೈದರಂತೆ ಹನ್ನೆರಡು ಗುಂಪು. ಹುಡುಗ ಹುಡುಗಿಯರನ್ನು ಒಂದೇ ಗುಂಪಿನಲ್ಲಿ ಕೂರಿಸಲೇಬೇಕೆಂದಿಲ್ಲ, ಮೊದಲ ವಾರಗಳಲ್ಲಿ ಬೇರೆಯಾಗಿದ್ದರೆ ಮಾತು ಬೇಗ ಹೊರಡುತ್ತದೆ.

ನಿಯಮ ಮೂರೇ. ಒಬ್ಬರು ಮಾತಾಡುವಾಗ ನಗುವಂತಿಲ್ಲ. ಇಷ್ಟವಿಲ್ಲದವರು ‘ಪಾಸ್’ ಅನ್ನಬಹುದು. ಸ್ವಂತ ಮನೆಯ ಕಥೆ ಇಲ್ಲಿ ಹೇಳುವಂತಿಲ್ಲ, ಕಲ್ಪಿತ ಪಾತ್ರದ ಮೂಲಕವೇ ಮಾತು.

ಮೂರನೆಯದು ವಿಚಿತ್ರವಾಗಿ ಕಂಡೀತು. ಮನಸ್ಸು ಬಿಚ್ಚಿ ಮಾತಾಡಲಿ ಎಂದಲ್ಲವೇ ಇದೆಲ್ಲ? ಅಲ್ಲ. ಅರವತ್ತು ಜನರೆದುರು ಒಂದು ಹುಡುಗಿ ಅಪ್ಪನ ಕುಡಿತದ ಬಗ್ಗೆ ಹೇಳಿ ಅತ್ತರೆ ಆ ಕ್ಷಣ ಎಲ್ಲರ ಕಣ್ಣೂ ತುಂಬುತ್ತದೆ, ಮರುದಿನ ಅದೇ ಮಾತು ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಚುಚ್ಚಲು ಬಳಕೆಯಾಗುತ್ತದೆ. ತರಗತಿ ಕೌಶಲ ಕಲಿಯುವ ಜಾಗ. ನೋವು ಹೇಳಿಕೊಳ್ಳಲು ಬೇರೆ ಹೊತ್ತು, ಬೇರೆ ಕೋಣೆ, ಒಬ್ಬರೇ ಕೇಳುಗರು ಬೇಕು. ಎಲ್ಲ ಮಕ್ಕಳಿಗೂ ಒಟ್ಟಿಗೆ ಕಲಿಸುವ ಇಂಥ ಕಾರ್ಯಕ್ರಮಗಳು ಸದಾ ಒಳ್ಳೆಯದನ್ನೇ ಮಾಡುತ್ತವೆ ಎಂಬ ಖಾತ್ರಿಯೂ ಇಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧ್ಯಾನದ ತರಗತಿಗಳು ಶಾಲೆಗಳಲ್ಲಿ ಮೊದಲಿಂದ ಇದ್ದ ಪಾಠಗಳಿಗಿಂತ ಹೆಚ್ಚಿನ ಲಾಭ ಕೊಡಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಎಂಟು ವಾರ ನಡೆಸಿ 2023ರಲ್ಲಿ ಫಲಿತಾಂಶ ಹೊರಬಿದ್ದ ಇನ್ನೊಂದು ಕಾರ್ಯಕ್ರಮದಲ್ಲಿ ಕೆಲವು ಅಳತೆಗಳಲ್ಲಿ ಮಕ್ಕಳ ಸ್ಥಿತಿ ತುಸು ಹದಗೆಟ್ಟಿತು. ಅದಕ್ಕೇ ಇಲ್ಲಿ ವಿಷಯ ಕಡಿಮೆ, ಅಭ್ಯಾಸ ಹೆಚ್ಚು. ಗಾಯ ಬಿಚ್ಚುವ ಕೆಲಸವಂತೂ ಇಲ್ಲವೇ ಇಲ್ಲ.

ವಾರ 1 ಮತ್ತು 2: ಹೆಸರಿಡುವುದು

ಬೋರ್ಡಿನ ನಡುವೆ ‘ಬೇಜಾರು’ ಎಂದು ಬರೆಯಿರಿ. ಸುತ್ತ ಅದರ ಬಂಧುಗಳನ್ನು ಮಕ್ಕಳಿಂದಲೇ ಕೇಳಿ ತುಂಬಿಸಿ. ಬೇಸರ, ಸಂಕಟ, ಕಸಿವಿಸಿ, ತಳಮಳ, ಅಳುಕು, ದಿಗಿಲು, ಮುನಿಸು, ಅವಮಾನ, ಹೊಟ್ಟೆಕಿಚ್ಚು, ಒಂಟಿತನ, ಉಮ್ಮಳ, ಹತಾಶೆ ಎಲ್ಲ ಬರಲಿ. ಕನ್ನಡದಲ್ಲಿ ಈ ಸಂಪತ್ತು ತುಂಬಿ ತುಳುಕುತ್ತಿದೆ, ಆದರೆ ಮಕ್ಕಳ ನಾಲಿಗೆಯಲ್ಲಿ ಉಳಿದದ್ದು ಟೆನ್ಷನ್, ಬೋರು, ಬೇಜಾರು ಮಾತ್ರ. ಬಳ್ಳಾರಿಯ ಮಗು ‘ಬ್ಯಾಸರ’ ಅಂದರೆ ತಿದ್ದಬೇಡಿ. ಮನೆಯಲ್ಲಿ ತೆಲುಗು, ಉರ್ದು, ತುಳು, ಲಂಬಾಣಿ ಆಡುವ ಮಕ್ಕಳಿದ್ದರೆ ಆ ಪದಗಳೂ ಬೋರ್ಡಿಗೆ ಬರಲಿ.

ಎರಡನೇ ವಾರ ಮೈಗೆ ಬನ್ನಿ. ಮನುಷ್ಯನ ಆಕಾರ ಬರೆದ ಚಾರ್ಟ್ ಕೊಟ್ಟು, ಯಾವ ಭಾವನೆ ಎಲ್ಲಿ ತಿಳಿಯುತ್ತದೆ ಎಂದು ಗುರುತು ಹಾಕಿಸಿ. ಎದೆ ಢವಢವ, ಹೊಟ್ಟೆಯಲ್ಲಿ ಕಲಸಿದ ಹಾಗೆ, ಗಂಟಲು ಕಟ್ಟಿಕೊಂಡದ್ದು, ಕಿವಿ ಬಿಸಿ, ಅಂಗೈ ಬೆವರು. ಮನಸ್ಸಿಗೆ ತಿಳಿಯುವ ಮೊದಲೇ ಮೈ ಸುಳಿವು ಕೊಟ್ಟಿರುತ್ತದೆ. ನಂತರ ಸೊನ್ನೆಯಿಂದ ಹತ್ತರ ಅಳತೆ ಕಲಿಸಿ: ಸೊನ್ನೆ ಎಂದರೆ ನಿರಾಳ, ಹತ್ತು ಎಂದರೆ ಕೈ ಮೀರಿದ್ದು. ಮನೆಯ ಅಭ್ಯಾಸ ದಿನಕ್ಕೊಂದು ಸಾಲು: ಭಾವನೆ, ಮೈಯ ಜಾಗ, ಅಂಕಿ. ನೋಟುಬುಕ್ಕನ್ನು ನೀವು ಓದುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ ಎಂದು ಮೊದಲ ದಿನವೇ ಹೇಳಿ, ಹೇಳಿದಂತೆ ನಡೆಯಿರಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಭಾವನೆಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ಪಟ್ಟಿ ಮಾಡುವುದು. ಸಿಟ್ಟು ಕೆಟ್ಟದ್ದಲ್ಲ, ಯಾರೋ ಗೆರೆ ದಾಟಿದ್ದಾರೆ ಎಂದು ಹೇಳುವ ಸುದ್ದಿ ಅದು. ಸಿಟ್ಟಿನಲ್ಲಿ ಕಲ್ಲೆಸೆದದ್ದು ತಪ್ಪು. ಈ ವ್ಯತ್ಯಾಸವನ್ನು ಹತ್ತು ವಾರವೂ ಹೇಳುತ್ತಲೇ ಇರಬೇಕಾಗುತ್ತದೆ.

ವಾರ 3 ಮತ್ತು 4: ಮೈಯನ್ನು ತಣ್ಣಗಾಗಿಸುವುದು

ಅಂಕಿ ಏಳು ದಾಟಿದಾಗ ಬುದ್ಧಿಮಾತು ಒಳಗಿಳಿಯುವುದಿಲ್ಲ. ಮೊದಲು ಮೈ ಇಳಿಯಬೇಕು.

ಉಸಿರಾಟದಿಂದ ಆರಂಭಿಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು, ಮೂರು ನಿಮಿಷ. ಹೊರಬಿಡುವ ಉಸಿರು ಉದ್ದವಾಗಿದ್ದರೆ ಎದೆಬಡಿತ ನಿಧಾನವಾಗುತ್ತದೆ, ಗುಟ್ಟು ಇಷ್ಟೇ. ‘ದೀರ್ಘವಾಗಿ ಉಸಿರು ಎಳೆದುಕೊಳ್ಳಿ’ ಎಂದು ಹೇಳಿದರೆ ಕೆಲಸ ಕೆಡುತ್ತದೆ. ಮಕ್ಕಳು ಎದೆಯುಬ್ಬಿಸಿ ಜೋರಾಗಿ, ಬೇಗಬೇಗ ಎಳೆಯುತ್ತಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ‘ಬಿಸಿ ಸಾರು ಆರಿಸುವ ಹಾಗೆ ನಿಧಾನಕ್ಕೆ ಊದಿ’ ಎನ್ನಿ, ತಾನಾಗಿ ಸರಿಯಾಗುತ್ತದೆ. ಉಸಿರು ಬಿಗಿಹಿಡಿಯುವ ಆಟ ಬೇಡ. ಉಬ್ಬಸವಿರುವ ಮಗುವಿಗೆ ಎಣಿಕೆಯ ಒತ್ತಾಯ ಬೇಡ.

ಕಣ್ಣು ಮುಚ್ಚಲೇಬೇಕೆಂದೂ ಹೇಳಬೇಡಿ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದೊಡನೆ ಬೇಡದ ನೆನಪು ಎದ್ದುಬರುತ್ತದೆ. ಡೆಸ್ಕಿನ ಮೇಲಿನ ಒಂದು ಚುಕ್ಕೆ ನೋಡುತ್ತಿದ್ದರೆ ಸಾಕು. ಮೊದಲ ದಿನ ಇಡೀ ತರಗತಿ ಕಿಸಕ್ಕನೆ ನಗುತ್ತದೆ. ಗದರಬೇಡಿ, ಮುಜುಗರ ಹೊರಬರುವ ದಾರಿ ಅದು. ಮೂರನೇ ಸಲಕ್ಕೆ ನಗು ನಿಲ್ಲುತ್ತದೆ.

ಎರಡನೆಯದು ಬಿಗಿ ಮತ್ತು ಸಡಿಲ. ಮುಷ್ಟಿ ಐದು ಸೆಕೆಂಡು ಬಿಗಿ, ಹತ್ತು ಸೆಕೆಂಡು ಸಡಿಲ. ಹಾಗೆಯೇ ಭುಜ, ಹೊಟ್ಟೆ, ಕಾಲ್ಬೆರಳು. ಪರೀಕ್ಷಾ ಕೊಠಡಿಯಲ್ಲಿ ಡೆಸ್ಕಿನ ಕೆಳಗೆ ಯಾರಿಗೂ ಕಾಣದಂತೆ ಮಾಡಬಹುದಾದ್ದರಿಂದ ಹತ್ತನೆಯವರಿಗೆ ಇದೇ ಹೆಚ್ಚು ಹಿಡಿಸುತ್ತದೆ.

ಮೂರನೆಯದು ತಣ್ಣೀರು. ಕೈ ಎತ್ತಲು ಹೊರಟ ಹುಡುಗನನ್ನು ನಲ್ಲಿಯ ಬಳಿ ಕಳಿಸಿ ಹಣೆ, ಕಣ್ಣು, ಕೆನ್ನೆಗೆ ನೀರು ಎರಚಿಕೊಳ್ಳಲು ಹೇಳಿ. ಮುಖಕ್ಕೆ ತಣ್ಣೀರು ತಾಗಿದಾಗ ಎದೆಬಡಿತ ಇಳಿಯುವುದು ಮೈಯ ಸಹಜ ಗುಣ. ಹೃದಯದ ತೊಂದರೆ ಇರುವವರಿಗೆ ಇದನ್ನು ಬಿಟ್ಟುಬಿಡಿ.

ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ಮೂಗಿಗೆ ಬರುವ ಎರಡು, ರುಚಿಯ ಒಂದು ಹೆಸರಿಸುವ ಆಟವೂ ಇದೆ. ಗಾಬರಿ ಬಿದ್ದವರನ್ನು ಈ ಕ್ಷಣಕ್ಕೆ ಎಳೆದು ತರಲು ಅದು ಒಳ್ಳೆಯದು. ಒಂದೇ ಪೀರಿಯಡ್ಡಿನಲ್ಲಿ ಮೂರಕ್ಕಿಂತ ಹೆಚ್ಚು ಕಲಿಸಬೇಡಿ. ಪ್ರತಿ ಮಗುವೂ ತನಗೆ ಒಗ್ಗಿದ ಒಂದನ್ನು ಆರಿಸಿಕೊಂಡು ಅದನ್ನೇ ದಿನವೂ, ಅಂಕಿ ಎರಡು ಮೂರರಲ್ಲಿರುವಾಗಲೇ ಮಾಡಲಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆ ಎರಡು ನಿಮಿಷ ಉಸಿರಾಟ ಮಾಡಿದರೆ ಅಭ್ಯಾಸದ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ವಾರ 5 ಮತ್ತು 6: ಯೋಚನೆಯ ಗಂಟು

ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ: ಆದದ್ದೇನು, ನಾನು ಅಂದುಕೊಂಡದ್ದೇನು, ಅನ್ನಿಸಿದ್ದೇನು, ಮಾಡಿದ್ದೇನು. ಉದಾಹರಣೆ ಕೊಡಿ. ಕಾವ್ಯ ಎಂಬ ಕಲ್ಪಿತ ಹುಡುಗಿ ಗೆಳತಿಗೆ ವಾಟ್ಸಾಪ್ ಸಂದೇಶ ಕಳಿಸಿದ್ದಾಳೆ, ಎರಡು ನೀಲಿ ಗೀಟು ಬಂದಿದೆ, ಉತ್ತರ ಬಂದಿಲ್ಲ. ‘ನನ್ನನ್ನು ಬೇಕಂತಲೇ ದೂರ ಇಡ್ತಿದ್ದಾಳೆ’ ಎಂದುಕೊಂಡಳು, ಅವಮಾನವಾಯಿತು, ಮರುದಿನ ಮಾತು ಬಿಟ್ಟಳು. ಉತ್ತರ ಬಾರದ್ದು ನಡೆದ ಸಂಗತಿ, ದೂರ ಇಟ್ಟದ್ದು ಅವಳ ಊಹೆ. ಈಗ ಗುಂಪಿಗೆ ಕೇಳಿ: ಬೇರೆ ಯಾವ ಕಾರಣ ಇರಬಹುದು? ಕನಿಷ್ಠ ಮೂರು ಹೇಳಿ. ಫೋನ್ ಅಣ್ಣನ ಕೈಯಲ್ಲಿತ್ತು, ಡೇಟಾ ಮುಗಿಯಿತು, ಅಮ್ಮ ಕರೆದರು.

‘ಪಾಸಿಟಿವ್ ಆಗಿ ಯೋಚಿಸು’ ಎಂದು ಮಾತ್ರ ಹೇಳಬೇಡಿ. ಮಗುವಿಗೆ ಅದು ‘ನಿನ್ನ ನೋವು ಸುಳ್ಳು’ ಎಂದು ಕೇಳಿಸುತ್ತದೆ. ಇಲ್ಲಿ ಹುಡುಕುತ್ತಿರುವುದು ಸಿಹಿ ಯೋಚನೆಯನ್ನಲ್ಲ, ನಿಜಕ್ಕೆ ಹತ್ತಿರದ ಯೋಚನೆಯನ್ನು.

ಇದಕ್ಕೊಂದು ಗಟ್ಟಿ ಎಲ್ಲೆ ಇದೆ. ಜಾತಿ ಹಿಡಿದು ಹೀಯಾಳಿಸಿದಾಗ, ಬಣ್ಣವನ್ನೋ ಮೈಕಟ್ಟನ್ನೋ ಆಡಿಕೊಂಡಾಗ, ಬಸ್ಸಿನಲ್ಲಿ ಯಾರೋ ಮೈ ಮುಟ್ಟಿದಾಗ ‘ಬೇರೆ ರೀತಿ ಯೋಚಿಸಿ ನೋಡು’ ಎನ್ನುವುದು ಅನ್ಯಾಯ. ಅಲ್ಲಿ ಬದಲಾಗಬೇಕಾದ್ದು ಮಗುವಿನ ಯೋಚನೆಯಲ್ಲ. ದೊಡ್ಡವರು ಎದ್ದು ನಿಂತು ಅದನ್ನು ನಿಲ್ಲಿಸಬೇಕು. ಸಹಿಸುವುದನ್ನು ಕಲಿಸುವ ತರಗತಿ ಇದಾಗಬಾರದು.

ವಾರ 7 ಮತ್ತು 8: ಸಮಸ್ಯೆಯನ್ನು ತುಂಡು ಮಾಡುವುದು

ಕಾಗದದಲ್ಲಿ ಎರಡು ವೃತ್ತ. ಒಳವೃತ್ತದಲ್ಲಿ ನನ್ನ ಕೈಯಲ್ಲಿರುವುದು, ಹೊರಗೆ ನನ್ನ ಕೈಯಲ್ಲಿಲ್ಲದ್ದು. ಅಪ್ಪನ ಕುಡಿತ, ಮಳೆ ಕೈಕೊಟ್ಟದ್ದು, ಅಕ್ಕನ ಮದುವೆಯ ಸಾಲ ಇವೆಲ್ಲ ಹೊರಗೆ. ರಾತ್ರಿ ಜಗಳ ಶುರುವಾದರೆ ತಮ್ಮನನ್ನು ಕರೆದುಕೊಂಡು ಅಜ್ಜಿಯ ಕೋಣೆಗೆ ಹೋಗುವುದು ಒಳಗೆ. ಹೊರಗಿನದಕ್ಕೆ ಮಗು ತಾನೇ ಹೊಣೆ ಎಂದುಕೊಂಡು ಒದ್ದಾಡುತ್ತಿರುತ್ತದೆ. ಅದು ನಿನ್ನ ತಪ್ಪಲ್ಲ ಎಂದು ಗೆರೆ ಎಳೆದು ತೋರಿಸಿದ್ದೇ ದೊಡ್ಡ ನಿರಾಳ.

ಒಳಗಿನದರಲ್ಲಿ ಒಂದನ್ನು ಆರಿಸಿ, ಐದು ಉಪಾಯ ಬರೆಯಿಸಿ. ಮೊದಲ ಎರಡು ಎಲ್ಲರಿಗೂ ಹೊಳೆಯುವಂಥವು, ನಾಲ್ಕನೆಯದೋ ಐದನೆಯದೋ ಹೆಚ್ಚಾಗಿ ಉಪಯೋಗಕ್ಕೆ ಬರುತ್ತದೆ. ಒಂದೊಂದಕ್ಕೂ ಲಾಭ, ನಷ್ಟ ತೂಗಿ ಒಂದನ್ನು ಹಿಡಿದು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಲಿ. ‘ಚೆನ್ನಾಗಿ ಓದುತ್ತೇನೆ’ ಎಂಬುದು ಉಪಾಯವಲ್ಲ. ‘ಗುರುವಾರ ಸಂಜೆ 5ಕ್ಕೆ ಗಣಿತ ಮೇಡಂ ಹತ್ತಿರ ಪ್ರಮೇಯ ಇನ್ನೊಮ್ಮೆ ಹೇಳಿಸಿಕೊಳ್ಳುತ್ತೇನೆ’ ಎಂಬುದು ಉಪಾಯ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ, ಮನೋವೈದ್ಯರಲ್ಲದ ಸಾಮಾನ್ಯ ಸಲಹೆಗಾರರು ಮೂರು ವಾರದಲ್ಲಿ ನಾಲ್ಕೈದು ಸಲ ಕೂತು ಇಂಥ ಸಮಸ್ಯೆ ಬಿಡಿಸುವ ಕ್ರಮ ಹೇಳಿಕೊಟ್ಟಾಗ ಮಕ್ಕಳು ಹೇಳಿಕೊಂಡ ತೊಂದರೆಗಳ ಭಾರ ಇಳಿದದ್ದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ.

ವಾರ 9: ಸಹಾಯ ಕೇಳುವ ಮಾತು

‘ಏನಾದರೂ ಇದ್ದರೆ ಬಂದು ಹೇಳಿ’ ಎಂದರೆ ಯಾರೂ ಬರುವುದಿಲ್ಲ. ಹೇಗೆ ಆರಂಭಿಸಬೇಕೆಂದೇ ಮಕ್ಕಳಿಗೆ ತಿಳಿಯದು. ಮಾತನ್ನೇ ಕೊಡಿ: ‘ಮೇಡಂ, ಐದು ನಿಮಿಷ ಮಾತಾಡಬೇಕಿತ್ತು, ಎಲ್ಲರ ಮುಂದೆ ಬೇಡ.’ ಇಬ್ಬಿಬ್ಬರಾಗಿ ಎದುರು ಕೂತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಲಿ, ನಾಚಿಕೆ ಹೋಗುವವರೆಗೆ. ಆಮೇಲೆ ಅಂಗೈಯನ್ನು ಪುಟದ ಮೇಲಿಟ್ಟು ಗೆರೆ ಎಳೆದು, ಐದು ಬೆರಳಿಗೆ ಐದು ನಂಬಿಕಸ್ಥ ದೊಡ್ಡವರ ಹೆಸರು. ಅತ್ತೆ, ಸೋದರಮಾವ, ಪಕ್ಕದ ಮನೆ ಆಂಟಿ, ಪಿ.ಟಿ. ಸರ್, ಯಾರಾದರೂ ಸರಿ. ಎರಡು ಬೆರಳಿಗಿಂತ ಹೆಚ್ಚು ತುಂಬಲಾಗದ ಮಗುವನ್ನು ನೆನಪಿಟ್ಟುಕೊಳ್ಳಿ, ಮುಂದಿನ ವಾರ ಅದರ ಜೊತೆ ಏನಾದರೂ ನೆಪದಲ್ಲಿ ಮಾತಾಡಿ.

ಗೆಳೆಯರು ಗುಟ್ಟು ಹೇಳಿದರೆ ಏನು ಮಾಡಬೇಕು ಎಂಬುದನ್ನೂ ಇದೇ ವಾರ ಹೇಳಿ. ಯಾರಿಗೆ ಯಾರು ಇಷ್ಟ ಎಂಬ ಗುಟ್ಟು ಹೊಟ್ಟೆಯಲ್ಲಿರಲಿ. ಜೀವಕ್ಕೆ ಸಂಬಂಧಿಸಿದ ಗುಟ್ಟನ್ನು ಅದೇ ದಿನ ದೊಡ್ಡವರಿಗೆ ತಲುಪಿಸಬೇಕು. ಅದು ಚಾಡಿಯಲ್ಲ.

ಮಗು ಬಂದು ಹೇಳಿದಾಗ

ಈ ಭಾಗವನ್ನು ಮೊದಲ ಪೀರಿಯಡ್‌ಗೂ ಮುಂಚೆ ಶಿಕ್ಷಕರೆಲ್ಲ ಓದಿರಬೇಕು.

‘ಯಾರಿಗೂ ಹೇಳಲ್ಲ’ ಎಂಬ ಮಾತು ಕೊಡಬೇಡಿ. ‘ನಿನಗೆ ಅಪಾಯ ಅನ್ನಿಸಿದರೆ ಮಾತ್ರ ಸಹಾಯ ಮಾಡಬಲ್ಲವರಿಗೆ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲು ತಿಳಿಸ್ತೀನಿ’ ಎನ್ನಿ. ಬಾಗಿಲು ತೆರೆದಿರುವ, ಆದರೆ ಮಾತು ಹೊರಗೆ ಕೇಳದ ಜಾಗದಲ್ಲಿ ಕೂತುಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ, ‘ಇಷ್ಟಕ್ಕೆಲ್ಲ ಅಳ್ತಾರಾ’ ಎನ್ನಬೇಡಿ, ದೇವರ ಮೇಲೆ ಭಾರ ಹಾಕು ಎಂದು ಮುಗಿಸಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟದ್ದು, ಆಟ ಬಿಟ್ಟದ್ದು, ಅಂಕ ಹಠಾತ್ತನೆ ಕುಸಿದದ್ದು, ಸೆಕೆಯಲ್ಲೂ (ಕೈಯ ಗಾಯ ಮುಚ್ಚಲೆಂಬಂತೆ) ತುಂಬುತೋಳಿನ ಅಂಗಿ ತೊಡುವುದು, ಇಷ್ಟದ ವಸ್ತುಗಳನ್ನು ಹಂಚುವುದು, ‘ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು’ ಎಂಬ ಮಾತು. ಇವು ಕಂಡರೆ ಕಾಯುವಂತಿಲ್ಲ. ನೇರವಾಗಿ ಕೇಳಿ: ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರೋ ಕೇಳಿದರಲ್ಲ ಎಂದು ಮಗು ಹಗುರಾಗುತ್ತದೆ. ಹೌದು ಎಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಬಸ್ಸು ಹತ್ತಿಸಿ ಮನೆಗೆ ಕಳಿಸಬೇಡಿ. ಪೋಷಕರನ್ನು ಶಾಲೆಗೇ ಕರೆಸಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗದೊಳಗೆ ಇಡಲು ಅಥವಾ ಮನೆಯಿಂದಲೇ ಸಾಗಿಸಲು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅದೇ ದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ಯುವ ಏರ್ಪಾಡು ಆಗಬೇಕು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112.

ಲೈಂಗಿಕ ದೌರ್ಜನ್ಯದ ಮಾತು ಬಂದರೆ ಶಾಲೆಯೊಳಗೆ ‘ವಿಚಾರಣೆ’ ನಡೆಸುವ ಹಕ್ಕು ನಿಮಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ದಾರಿ ತೋರಿಸುತ್ತದೆ. ಮನೆಯವರೇ ಅಪಾಯದ ಮೂಲವಾಗಿದ್ದರೆ ಮೊದಲು ಅವರಿಗೆ ಹೇಳುವುದು ಮಗುವನ್ನು ಮತ್ತೆ ಅದೇ ಬೆಂಕಿಗೆ ನೂಕಿದಂತೆ.

ವಾರ 10 ಮತ್ತು ಆಮೇಲೆ

ಕೊನೆಯ ಪೀರಿಯಡ್ಡಿನಲ್ಲಿ ಅಂಗೈಯಗಲದ ಕಾರ್ಡಿನ ಮೇಲೆ ಪ್ರತಿ ಮಗುವೂ ನಾಲ್ಕು ಸಾಲು ಬರೆಯಲಿ: ನನ್ನ ಮೈ ಕೊಡುವ ಸುಳಿವು, ನಾನು ಮೊದಲು ಮಾಡುವುದು, ನಾನು ಮಾತಾಡಿಸುವ ಇಬ್ಬರು, 14416. ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಳ್ಳಲಿ.

ಇದಕ್ಕೆ ಪರೀಕ್ಷೆ ಇಡಬೇಡಿ, ಅಂಕ ಕೊಡಬೇಡಿ, ‘ಅತ್ಯುತ್ತಮ ಶಾಂತ ವಿದ್ಯಾರ್ಥಿ’ ಬಹುಮಾನವಂತೂ ಬೇಡವೇ ಬೇಡ. ಫಲ ತಿಳಿಯಬೇಕಾದರೆ ಬೇರೆ ಕಡೆ ನೋಡಿ: ಹಾಜರಿ ಪುಸ್ತಕ, ಆಟದ ಮೈದಾನದ ಜಗಳಗಳ ಸಂಖ್ಯೆ, ತಾವಾಗಿ ಬಂದು ಮಾತಾಡಿದ ಮಕ್ಕಳ ಸಂಖ್ಯೆ. ಕೊನೆಯದು ಮೊದಲ ತಿಂಗಳು ಏರಿದರೆ ಗಾಬರಿಯಾಗಬೇಡಿ, ತೊಂದರೆ ಹೆಚ್ಚಿದ್ದಲ್ಲ, ಬಾಗಿಲು ತೆರೆದದ್ದು. ತಿಂಗಳಿಗೊಂದು ಪೀರಿಯಡ್ ಮರುಅಭ್ಯಾಸಕ್ಕೆ ಇರಲಿ.

ಹತ್ತನೆಯವರಿಗೆ ಫೆಬ್ರುವರಿಯಲ್ಲಿ ಒಂದು ಗಂಟೆ ಮೀಸಲಿಡಿ, ಪರೀಕ್ಷೆಗಿಂತ ಹೆಚ್ಚಾಗಿ ಫಲಿತಾಂಶದ ದಿನಕ್ಕಾಗಿ. ಫಲಿತಾಂಶ ನೋಡುವಾಗ ಜೊತೆಗೆ ಯಾರಿರುತ್ತಾರೆ, ಅಂಕ ಕಡಿಮೆಯಾದರೆ ಮೊದಲು ಯಾರಿಗೆ ಹೇಳುವುದು, ಅವತ್ತು ಸಂಜೆ ಎಲ್ಲಿರುವುದು ಎಂದು ಮೊದಲೇ ಬರೆದುಕೊಳ್ಳಲಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಒಂದರಲ್ಲಿ ಹೋದದ್ದನ್ನು ಇನ್ನೊಂದರಲ್ಲಿ ಪಡೆಯಬಹುದು ಎಂಬುದನ್ನು ಮಕ್ಕಳಿಗಷ್ಟೇ ಅಲ್ಲ, ಪೋಷಕರನ್ನು ಕೂರಿಸಿ ಹೇಳಿ. ಫಲಿತಾಂಶ ಬಂದ ದಿನ ಶಾಲೆಗೆ ರಜೆಯಿದ್ದರೂ ನಡೆಸಿದ ಇಬ್ಬರು ಶಿಕ್ಷಕರು ಫೋನ್ ಪಕ್ಕದಲ್ಲಿರಲಿ. ಅನುತ್ತೀರ್ಣರಾದವರ, ನಿರೀಕ್ಷೆಗಿಂತ ಕಡಿಮೆ ಬಂದ ಜಾಣರ ಪಟ್ಟಿ ಮಾಡಿಕೊಂಡು ಅವರಿಗೆ ನೀವೇ ಫೋನ್ ಮಾಡಿ. ಮೊದಲ ಸ್ಥಾನ ಬಂದವರನ್ನು ನಾಳೆ ಅಭಿನಂದಿಸಿದರೂ ಆದೀತು.